ದಾರ ಕಟ್ಟಿ ಕಡಲು ತೋರಿಸುವ ರಾಯವ್ವ

ಹಂಚಿನ ಮೇಲೆ ರೊಟ್ಟಿ ಬಿದ್ದಿದೆ. ಅದಕ್ಕೆ ನೀರು ಸವರಬೇಕು ಅನ್ನುವಷ್ಟರಲ್ಲಿ ಕಿಟಕಿಯ ಸರಳನ್ನು ಯಾರೋ ಬಳೆಗೈಯಿಂದ ಬಡಿಯುತ್ತಾರೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಉಳಿದ ದಿನಗಳಲ್ಲಿ ಇಚಲಕರಂಜಿಯ ನಮ್ಮ ಓಣಿಯಲ್ಲಿ ಈ ಹೊತ್ತಿಗೆ ಮಗ್ಗಗಳ ಖಟಖಟ ಕೇಳುತ್ತಿರುತ್ತದೆ. ಇವತ್ತು ವಾರದ ರಜೆ, ಒಂದು ಮಗ್ಗವೂ ಓಡುತ್ತಿಲ್ಲ. ಕಿಟಕಿಯಾಚೆ ರಾಯವ್ವ ನಿಂತಿದ್ದಾರೆ. ಹಣೆತುಂಬ ಕುಂಕುಮ, ಮೊಳಕಾಲಿನವರೆಗೆ ಎತ್ತಿ ಕಟ್ಟಿದ ಇಳಕಲ್ ಸೀರೆ, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು. ಬಾಯಿ ತೆರೆಯದೆ ಹೆಬ್ಬೆರಳನ್ನು ಹೆಗಲ ಹಿಂದಕ್ಕೆ ತೋರಿಸುತ್ತಾರೆ. ಬಸ್ಸು ಬಂದು ನಿಂತಿದೆ, ಹೊರಡಿ ಅಂತ.

"ಇನ್ನೆರಡ ರೊಟ್ಟಿ ಬಡದ ಬಂದಬಿಡ್ತೇನ್ರಿ," ಅನ್ನುತ್ತೇನೆ.

ಅವರು ಒಳಗೇ ಬಂದುಬಿಡುತ್ತಾರೆ. ಬೂಟು ಹೊಸ್ತಿಲಲ್ಲಿ ಬಿಟ್ಟು, ಕೈ ತೊಳೆದು, ನನ್ನನ್ನು ಮೊಣಕೈಯಿಂದ ಆಚೆ ಸರಿಸಿ, ಹೊತ್ತಲು ಶುರುವಾಗಿದ್ದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುತ್ತಾರೆ. "ನೀವು ಕೂಸಿನ ಜಡಿ ಹಾಕ್ರಿ. ರೊಟ್ಟಿ ನನಗ ಬಿಡ್ರಿ. ಸಮುದ್ರ ಕಾಯತೈತಿ, ಮಾಲಕ ಕಾಯಂಗಿಲ್ಲ."

ಹೀಗೆ ಮನೆ ಮನೆಗೆ ಹೋಗಿ ಎಬ್ಬಿಸಿ, ಬೇಕಾದರೆ ರೊಟ್ಟಿಯನ್ನೂ ಬಡಿದುಕೊಟ್ಟು, ಮಗ್ಗದ ಮಂದಿಯನ್ನು ಬಸ್ಸು ಹತ್ತಿಸಿ ಕೊಂಕಣದ ಕಡಿದಾದ ಕಡಲಂಚಿಗೆ ಕರೆದೊಯ್ದು ಸಂಜೆಗೆ ವಾಪಸ್ ತಂದುಬಿಡುವುದು ರಾಯವ್ವನವರ ಕೆಲಸ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಪ್ರತಿ ವಾರದ ರಜೆಗೂ ಒಂದು ಪ್ರವಾಸ. ಊರಿನ ಮಂದಿ ಅವರನ್ನು 'ಸಮುದ್ರದ ರಾಯವ್ವ' ಅನ್ನುತ್ತಾರೆ. ಬಸ್ಸಿನ ಮಾಲೀಕರೇ ಚಾಲಕರೂ ಆದ ಅಭಯಕುಮಾರ ಅವರು ತಮಾಷೆಗೆ 'ನಮ್ಮ ಕಂಪನಿಯ ಗೈಡ್ ಮೇಡಂ' ಅನ್ನುತ್ತಾರೆ. ರಾಯವ್ವನವರ ಪ್ರಕಾರ ಅವರು ಎರಡೂ ಅಲ್ಲ. "ನಾನು ಕಾಂಡಿ ತುಂಬಾಕಿ ರೀ. ಈಗೂ ಅದನ್ನ ಮಾಡಾಕತ್ತೇನಿ. ಖಾಲಿ ಒಯ್ಯೂದು, ತುಂಬಿಸಿ ತರೂದು."

ಕಾಂಡಿ ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆ. ಬಾಗಲಕೋಟೆಯ ಕಡೆಯಿಂದ ಮದುವೆಯಾಗಿ ಬಂದ ವರ್ಷವೇ ರಾಯವ್ವ ಇಲ್ಲಿನ ಒಂದು ಶೆಡ್ಡಿನಲ್ಲಿ ಕಾಂಡಿ ತುಂಬಲು ಕುಳಿತರು. ಗಂಡ ಯಲಗೂರಪ್ಪ ಅದೇ ಶೆಡ್ಡಿನಲ್ಲಿ ಮಗ್ಗ ಓಡಿಸುತ್ತಿದ್ದರು. ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಅದಕ್ಕೇ ಶೆಡ್ಡಿನ ಮಂದಿ ಕೈಯಲ್ಲೇ ಮಾತಾಡುತ್ತಾರೆ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ದಾರ ಕಡಿದಿದೆ ಅಂತ. ಅಂಗೈಯನ್ನು ಕೆಳಮುಖ ಮಾಡಿ ಎರಡು ಸಲ ಒತ್ತಿದರೆ ಮಗ್ಗ ನಿಲ್ಲಿಸು ಅಂತ. ಅಂಗಿಯ ಕಾಲರ್ ಹಿಡಿದು ತೋರಿಸಿದರೆ ಮಾಲೀಕ ಬಂದ ಅಂತ. "ನಾನೂ ನಮ್ಮ ಮನಿಯವ್ರೂ ಜಗಳಾನೂ ಹಂಗ ಮಾಡ್ತಿದ್ವಿ," ಎಂದು ರಾಯವ್ವ ನಗುತ್ತಾರೆ. "ಮನೀಗೆ ಬಂದ ಮ್ಯಾಲೂ ಕೈಲೇನ. ಬಾಜೂ ಮನಿಯವ್ರು ಅಂತಿದ್ರು, ಎಷ್ಟ ಶಾಂತ ಜೋಡಿ ಐತಿ ನೋಡ್ರಿ ಅಂತ."

ಆ ಶೆಡ್ಡು ಈಗಿಲ್ಲ. ಹಳೆಯ ಮಗ್ಗಗಳು ಗುಜರಿಗೆ ಹೋಗಿ, ಕಾಂಡಿಯೇ ಬೇಡದ ಹೊಸ ಮಗ್ಗಗಳು ಬಂದಿವೆ. ರಾಯವ್ವನವರ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ, ಅವರದೇ ಮಾತಿನಲ್ಲಿ, 'ಹಬ್ಬಕ್ಕ ಹುಣ್ಣಿಮಿಗೆ ಕೇಳಸತೈತಿ'. ಉಳಿದದ್ದನ್ನು ಅವರು ಎದುರಿನವರ ತುಟಿ ನೋಡಿ ತಿಳಿಯುತ್ತಾರೆ. ಅವರ ಬಗ್ಗೆ ಬರೆಯಲು ಹೊರಟ ನಾನು ಇದನ್ನೂ ಬರೆಯಲೇ ಎಂದು ಕೇಳಿದರೆ ಅವರ ಉತ್ತರ: "ಬರೀರಿ, ಬರೀರಿ. ನಾಚಿಕಿ ಏನೈತಿ? ಅರ್ಧಾ ಊರು ಹಿಂಗ ಐತಿ."

ಬಸ್ಸಿನ ಬಾಗಿಲಲ್ಲಿ ಮೊದಲ ಶಾಸ್ತ್ರ ನಡೆಯುತ್ತದೆ. ರಾಯವ್ವನವರ ಚೀಲದಲ್ಲಿ ತೆಂಗಿನಕಾಯಿ ಗಾತ್ರದ ನೂಲಿನ ಉಂಡೆಯೊಂದಿದೆ. ಶೆಡ್ಡುಗಳಲ್ಲಿ ಉಳಿದ ಬಣ್ಣಬಣ್ಣದ ತುಂಡುದಾರಗಳನ್ನು ಗಂಟು ಹಾಕಿ ಸುತ್ತಿದ್ದು. ಹತ್ತುವವರ ಮಣಿಕಟ್ಟಿಗೆಲ್ಲ ಅವರು ಒಂದೊಂದು ದಾರ ಕಟ್ಟುತ್ತಾರೆ, ಒಂದು ಮನೆಗೆ ಒಂದು ಬಣ್ಣ. ದಂಡೆಯಲ್ಲಿ ಎಲ್ಲರನ್ನೂ ಕೈ ಎತ್ತಿಸಿ ಒಮ್ಮೆ ಕಣ್ಣಾಡಿಸಿದರೆ ಯಾವ ಬಣ್ಣ ಕಡಿಮೆ ಬಿತ್ತು ಅಂತ ಗೊತ್ತಾಗುತ್ತದೆ. ಸಂಜೆ ಇಳಿಯುವಾಗ ದಾರ ವಾಪಸ್ ಕೊಡಬೇಕು. ಅದು ಮತ್ತೆ ಉಂಡೆಗೆ ಸೇರುತ್ತದೆ, ಮುಂದಿನ ಸಲ ಇನ್ಯಾರದೋ ಮಣಿಕಟ್ಟಿಗೆ ಹೋಗುತ್ತದೆ. ನನಗೂ ನನ್ನ ಮಗಳು ಪ್ರಿಯದರ್ಶಿನಿಗೂ ಹಳದಿ ದಾರ ಸಿಕ್ಕಿತು.

ಪಿಯು ಎಂದು ನಾವು ಕರೆಯುವ ಈ ಹುಡುಗಿಗೆ ಎಂಟು ವರ್ಷ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಅಲ್ಲಿ ಒಮ್ಮೆ ಎರಡೂ ಕಲೆಸಿ ಮಾತಾಡಿದಾಗ ಇಡೀ ತರಗತಿ ನಕ್ಕಿತಂತೆ. ಅಂದಿನಿಂದ ಹೊರಗಿನವರ ಮುಂದೆ ಗದ್ದವನ್ನು ಎದೆಗೆ ಒತ್ತಿಕೊಂಡು ಅಂಗಿಯ ಗುಂಡಿಗೆ ಮಾತ್ರ ಕೇಳುವಂತೆ ಮಾತಾಡುತ್ತಾಳೆ. ದಾರ ಕಟ್ಟಿಸಿಕೊಳ್ಳುವಾಗಲೂ ಏನೋ ಗೊಣಗಿದಳು. ರಾಯವ್ವ ಬಗ್ಗಿ ಅವಳ ಮುಖ ಹುಡುಕಿದರು.

"ಮಾರಿ ಎತ್ತಿ ಕೇಳವ್ವಾ. ನೆಲಾ ನೋಡಿ ಹೇಳಿದ್ದ ನೆಲಕ್ಕ ಅಷ್ಟ ಕೇಳತೈತಿ. ನನಗ ನಿನ್ನ ತುಟಿ ಕಾಣಬೇಕು."

ಪಿಯು ನನ್ನ ಸೆರಗಿನೊಳಗೆ ಸೇರಿಕೊಂಡಳು. "ಇರಲಿ, ದಿನಾ ಪೂರಾ ಐತಿ," ಎಂದು ರಾಯವ್ವ ಮುಂದಿನ ಕೈ ಹಿಡಿದರು.

ಕೊಲ್ಹಾಪುರದಲ್ಲಿ ಬಸ್ಸು ನಿಂತು ಎಂಜಿನ್ ಬಂದ್ ಆಗುತ್ತಿದ್ದಂತೆ ನಿದ್ದೆಗೆ ಜಾರಿದ್ದ ಇಡೀ ಬಸ್ಸು ಕಣ್ಣು ಬಿಟ್ಟು ಕೂರುತ್ತದೆ. ಮಗ್ಗದ ಮಂದಿಯ ನಿದ್ದೆಯೇ ಹಾಗೆ, ಸದ್ದಿದ್ದರೆ ಬರುತ್ತದೆ, ಸದ್ದು ನಿಂತರೆ ಹಾರಿಹೋಗುತ್ತದೆ. ಅಲ್ಲಿ ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ ಗುರುಸಿದ್ದ ಮತ್ತು ಅವರ ಹೆಂಡತಿ ಕಲ್ಲವ್ವ ಹತ್ತುತ್ತಾರೆ. ಗುರುಸಿದ್ದ ಅವರದು ದೊಡ್ಡ ದನಿ, ದೊಡ್ಡ ಮೊಬೈಲು, ಬಿಳಿ ಟೋಪಿ. ರಾಯವ್ವ ಕೆಂಪು ದಾರ ಕಟ್ಟಿ, ಎಲ್ಲರಿಗೂ ಕೈಸನ್ನೆಯ ಪಾಠ ಶುರುಮಾಡಿದಾಗ ಅವರಿಗೆ ನಗು ತಡೆಯುವುದಿಲ್ಲ.

"ಏನ್ ಮಾಲಕ್ರ, ಗೈಡ್ ಅಂದ್ರ ಮೈಕ್ ಬ್ಯಾಡೇನ? ಇದೇನ ಮೂಕರ ಸಾಲಿ?"

"ಕಲ್ತಕೋರಿ ಸಾವಕಾರ್ರ," ಅಂತ ರಾಯವ್ವ ಅವರ ತುಟಿ ಓದಿ ಉತ್ತರ ಕೊಡುತ್ತಾರೆ. "ಹಿಂಗ ಅಂಗೈ ಒತ್ತಿದ್ರ ಇದ್ದಲ್ಲೇ ಕುಂದರಬೇಕು."

"ನಾ ಕುಂತಾವ ಅದೇನಿ, ಇನ್ನೆಲ್ಲಿ ಕುಂದರ್ಲಿ?"

"ಕಲ್ತ್ರ ಅವ್ರಪ್ಪನ ಗಂಟ ಹೋಗತೈತಿ," ಎಂದು ಕಲ್ಲವ್ವ ಗಂಡನ ಪಾಲಿನದನ್ನೂ ತಾವೇ ಕಲಿಯುತ್ತಾರೆ.

ಗಗನಬಾವಡಾದಲ್ಲಿ ಘಟ್ಟ ಇಳಿಯುವ ಮೊದಲು ಚಹಾಕ್ಕೆ ನಿಲ್ಲುತ್ತೇವೆ. ಮಂಜು ಅಂಗಡಿಯ ತಗಡಿನವರೆಗೆ ಬಂದಿದೆ. ರಾಯವ್ವ ಚಹಾವನ್ನು ಬಸಿಗೆ ಸುರಿದುಕೊಂಡು, ನನ್ನ ಎದುರಿಗೇ ಕೂರುತ್ತಾರೆ. ಗೈಡ್ ಆಗಿದ್ದು ಹೇಗೆ ಎಂದು ಕೇಳುತ್ತೇನೆ. ಮೊದಲ ಸಲ ಅವರೂ ಪ್ರವಾಸಿಯಾಗಿಯೇ ಬಂದಿದ್ದರಂತೆ. ಆಗ ಬೇರೆ ಗೈಡ್ ಇದ್ದ. ಬಸ್ಸಿನಲ್ಲಿ ಮರಾಠಿಯಲ್ಲಿ ಚೆನ್ನಾಗಿಯೇ ಹೇಳಿದ. ಬಂಡೆಯ ಮೇಲೆ ಹೋದಾಗ ಗಾಳಿ ಅವನ ಮಾತನ್ನೆಲ್ಲ ಹಾರಿಸಿಕೊಂಡು ಹೋಯಿತು. "ಪಾಪ, ಬಾಯಿ ತಗೀತಾನ, ಮುಚ್ಚತಾನ. ಮಂದಿ ಅಂಚಿನ ಕಡೆ ಹೊಂಟಾರ. ನನಗ ಶೆಡ್ಡಿನಾಗ ನಿಂತಂಗ ಆತ್ರಿ. ಕೈ ತಾನ ಮ್ಯಾಲ ಹೋತು. ನಿಲ್ಸು ಅಂದೆ. ನಮ್ಮ ಮಂದಿ ಅಷ್ಟೂ ಟಪ್ಪಂತ ನಿಂತ್ರು." ಮುಂದಿನ ವಾರ ಅಭಯಕುಮಾರ ಅವರೇ ಮನೆಗೆ ಬಂದು ಕರೆದರು. ಅದಾಗಿ ಹತ್ತು ವರ್ಷದ ಮೇಲಾಯಿತು.

ಯಲಗೂರಪ್ಪ ಮಾತ್ರ ಒಮ್ಮೆಯೂ ಬಂದಿಲ್ಲ. ಘಟ್ಟದ ತಿರುವಿಗೆ ಅವರ ಹೊಟ್ಟೆ ತೊಳಸುತ್ತದೆ. "ಸಂಜೀಕ ಹೋದ ಕೂಡ್ಲೇ ಕೇಳ್ತಾರ, ಇವತ್ತ ಹೆಂಗಿತ್ತು ನಿನ್ನ ಸಮುದ್ರ ಅಂತ. ನನ್ನ ಸಮುದ್ರ ಅಂತ್ರಿ! ಹೊಲಾ ಇಲ್ಲ, ಮಗ್ಗ ಇಲ್ಲ, ಸಮುದ್ರ ಒಂದ ಐತಿ ನೋಡ್ರಿ ನನ್ನ ಹೆಸರೀಲೆ."

ನಗು ನಿಂತ ಮೇಲೆ ಅವರು ಬಸಿ ಕೆಳಗಿಟ್ಟು ಬಸ್ಸಿನ ಕಡೆ ನೋಡುತ್ತಾರೆ. ಅಭಯಕುಮಾರ ಚಕ್ರ ತಟ್ಟಿ ನೋಡುತ್ತಿದ್ದಾರೆ. "ದೀಪಾವಳಿಗೆ ಹೊಸಾ ಬಸ್ ಬರಾಕತ್ತೈತ್ರಿ. ಒಳಗ ಟಿವಿ ಐತಂತ. ಸಮುದ್ರದ್ದ, ಗುಡಿದ್ದ, ಎಲ್ಲಾ ಅದ ಹೇಳತೈತಂತ. ಕ್ಲೀನರ್ ಹುಡುಗ ಹೇಳ್ದಾ. ಮಾಲಕರು ಏನೂ ಅಂದಿಲ್ಲ. ಕಿವಿ ಇಲ್ಲದಾಕಿನ್ನ ಇಟಗೊಂಡಾನ ಅಂತ ನಾಕ ಮಂದಿ ಅವ್ರಿಗೆ ಅಂತಾರು. ಅವ್ರದ್ದೂ ತಪ್ಪಿಲ್ಲ."

"ನೀವ ಕೇಳಬೇಕಿಲ್ರಿ?"

"ಹೆಂಗ ಕೇಳ್ಲಿ? ಕೇಳಿದ್ರ ಉತ್ತರ ಬರತೈತಲ್ಲ." ಅವರು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ. "ಕೇಳಿಲ್ಲ ಅಂದ್ರ ಇನ್ನ ಐದಾರ ವಾರ ಸಮುದ್ರ ನಂದ."

ನನ್ನ ಪಕ್ಕದಲ್ಲಿ ಬಿಸ್ಕಿಟನ್ನು ಚಹಾದಲ್ಲಿ ಅದ್ದುತ್ತಿದ್ದ ಪಿಯು ಕೈ ಹಾಗೇ ಹಿಡಿದಿದ್ದಾಳೆ. ಬಿಸ್ಕಿಟು ಮೆತ್ತಗಾಗಿ ಚಹಾದೊಳಗೆ ಬೀಳುತ್ತದೆ. ಅವಳು ಏನೋ ಹೇಳಲು ಹೋಗಿ, ಎಂದಿನಂತೆ ಗದ್ದ ಕೆಳಗೆ ಹಾಕುತ್ತಾಳೆ.

ದೇವಗಡ ದಾಟಿದ ಮೇಲೆ ಮರಗಳು ಕಡಿಮೆಯಾಗಿ, ಕೊಂಕಣದವರು 'ಸಡಾ' ಎನ್ನುವ ಕೆಂಪು ಜಂಬಿಟ್ಟಿಗೆಯ ಬೋಳು ಬಯಲು ಶುರುವಾಗುತ್ತದೆ. ಮಳೆಯ ಹಸಿರು ಇನ್ನೂ ಪೂರ್ತಿ ಒಣಗಿಲ್ಲ. ಬಸ್ಸು ದೂರದ ನೆರಳಲ್ಲೇ ನಿಲ್ಲುತ್ತದೆ. ಅಭಯಕುಮಾರ ಹಿಂದಿನ ಸೀಟಿನಲ್ಲಿ ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗುತ್ತಾರೆ. ವಾಪಸಿನ ಘಟ್ಟಕ್ಕೆ ಅವರಿಗೆ ಈ ನಿದ್ದೆ ಬೇಕು. ನಾವು ನಡೆಯುತ್ತೇವೆ. ನೆಲ ಒಮ್ಮೆಲೇ ಮುಗಿಯುತ್ತದೆ. ಕೆಳಗೆ, ನೋಡಿದರೆ ಅಂಗಾಲು ಜುಮ್ಮೆನ್ನುವಷ್ಟು ಕೆಳಗೆ, ಸಮುದ್ರ ಬಂಡೆಗೆ ಬಂದು ಹೊಡೆಯುತ್ತಿದೆ.

ಗಾಳಿ ಟೋಪಿ, ಸೆರಗು, ಮಾತು ಯಾವುದನ್ನೂ ಬಿಡುವುದಿಲ್ಲ. ನಾನು ಪಿಯುಗೆ ಹೇಳಿದ್ದು ನನಗೇ ಕೇಳಿಸುವುದಿಲ್ಲ. ಈಗ ರಾಯವ್ವನವರ ದರ್ಬಾರು. ಅಂಚಿಗೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಎರಡು ಸಲ ಅಂಗೈ ಒತ್ತುತ್ತಾರೆ. ಎಲ್ಲರೂ ಕೂರುತ್ತೇವೆ. ಒಂದು ಕೈಯನ್ನು ಲಾಳಿಯಂತೆ ಅತ್ತಿಂದಿತ್ತ ಓಡಿಸಿ ಕೆಳಗೆ ತೋರಿಸುತ್ತಾರೆ. ನೋಡಿದರೆ ನಿಜ, ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ತೆರೆ ಲಾಳಿಯ ಹಾಗೆಯೇ ಹೋಗಿ ಬರುತ್ತಿದೆ. ಮೀನುಗಾರರ ದೋಣಿ, ದೂರದ ದೀಪಸ್ತಂಭ, ಬಂಡೆಯ ಪೊಟರೆಯಲ್ಲಿ ಗೂಡು ಕಟ್ಟಿದ ಹಕ್ಕಿ, ಒಂದೊಂದಕ್ಕೂ ಅವರ ಕೈಯಲ್ಲಿ ಒಂದು ಆಕಾರವಿದೆ. ಕೊನೆಗೆ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾರೆ, ನಮಗೂ ಹಾಗೇ ಮಾಡಲು ಹೇಳುತ್ತಾರೆ. ತೆರೆ ಹೊಡೆದಾಗ ಕಲ್ಲು ಅಂಗೈಯಲ್ಲಿ ಸಣ್ಣಗೆ ನಡುಗುತ್ತದೆ. ನನ್ನ ಪಕ್ಕದ ಹೆಂಗಸು ನನ್ನ ಕಿವಿಗೇ ಬಾಯಿಟ್ಟು ಕೂಗುತ್ತಾಳೆ: "ಅಯ್ಯ ಇದರ, ರಜಾ ಅಂತ ಇಲ್ಲಿ ತನಕಾ ಬಂದ್ರ ಇಲ್ಲೂ ಮಗ್ಗ ಓಡಾಕತ್ತೈತಿ!"

ಎಡವಟ್ಟಾಗುವುದು ಆಮೇಲೆ. ಗುರುಸಿದ್ದ ಅವರಿಗೆ ಸಮುದ್ರದ ಜೊತೆ ಫೋಟೊ ಬೇಕು. ಮೊಬೈಲನ್ನು ಮುಂದೆ ಚಾಚಿ, ಬೆನ್ನನ್ನು ಕಡಲಿಗೆ ಕೊಟ್ಟು, ಅವರು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾರೆ. ಮೊದಲು ಕಂಡದ್ದು ರಾಯವ್ವನಿಗೆ. ಅವರ ಅಂಗೈ ಎರಡು ಸಲ ಕೆಳಗಿಳಿಯುತ್ತದೆ. ಅದನ್ನು ನೋಡಿದ ಮಗ್ಗದ ಮಂದಿಯೆಲ್ಲ ತಿರುಗಿ ಅದೇ ಸನ್ನೆ ಮಾಡುತ್ತಾರೆ. ಸಾಲಿಗೆ ಸಾಲೇ ಅಂಗೈ ಒತ್ತುತ್ತಿದೆ. ಗುರುಸಿದ್ದ ಅದನ್ನು ನೋಡಿ ಭಾರೀ ಖುಷಿಯಿಂದ ನಗುತ್ತಾರೆ. ಎಲ್ಲರೂ ತಮಗೆ ನಮಸ್ಕಾರ ಹೇಳುತ್ತಿದ್ದಾರೆ ಅಂದುಕೊಂಡು ತಾವೂ ಕೈ ಬೀಸುತ್ತಾರೆ, ಇನ್ನೊಂದು ಹೆಜ್ಜೆ ಹಿಂದಿಡುತ್ತಾರೆ.

ಆಗ ಕಲ್ಲವ್ವ ಎದ್ದು ನಿಲ್ಲುತ್ತಾರೆ. ಗಂಡನ ಕಣ್ಣಿಗೆ ಕಣ್ಣಿಟ್ಟು, ಅಂಗೈ ಒತ್ತಿ, ಮರುಕ್ಷಣ ತಾವೇ ಧಪ್ಪನೆ ಕುಳಿತು ತೋರಿಸುತ್ತಾರೆ. ಮೂವತ್ತು ವರ್ಷದ ಸಂಸಾರ. ಆ ಕಣ್ಣಿನ ಅರ್ಥ ಗುರುಸಿದ್ದ ಅವರಿಗೆ ಸನ್ನೆ ಕಲಿಯದೆಯೂ ಗೊತ್ತು. ಇದ್ದಲ್ಲೇ, ಮುಳ್ಳು ಕಲ್ಲು ಏನೂ ನೋಡದೆ, ಕೂತುಬಿಡುತ್ತಾರೆ. ಹಿಂದೆ ತಿರುಗಿ ನೋಡಿದ ಮೇಲೆ ಅವರಿಗೆ ಎದ್ದು ಬರಲು ಆಗಲಿಲ್ಲ. ರಾಯವ್ವ ಹೋಗಿ ಕೈ ಹಿಡಿದುಕೊಂಡು, ಕುಳಿತಲ್ಲಿಂದಲೇ ಸರಿಸುತ್ತಾ ಕರೆತರುತ್ತಾರೆ. ಬಿಳಿ ಟೋಪಿಯನ್ನು ಸಮುದ್ರ ಇಟ್ಟುಕೊಂಡಿತು.

ಊಟಕ್ಕೆ ಗಾಳಿಯಿಲ್ಲದ ತಗ್ಗಿನಲ್ಲಿ ಕೂತಾಗ ಗುರುಸಿದ್ದ ತಮ್ಮ ಬುತ್ತಿಯ ಬೆಲ್ಲದ ಅಚ್ಚನ್ನು ರಾಯವ್ವನವರ ಮುಂದಿಟ್ಟು, ಮುಖ ನೇರ ಮಾಡಿ ನಿಧಾನವಾಗಿ ಹೇಳುತ್ತಾರೆ: "ತಾಯಿ, ಮೂಕರ ಸಾಲಿ ಅಂದಿದ್ದೆ. ಇನ್ನೊಮ್ಮೆ ಪಾಠ ಮಾಡ್ರಿ, ಈ ಸಲ ಕಲೀತೇನಿ."

"ಫೀ ಆತು," ಎಂದು ರಾಯವ್ವ ಬೆಲ್ಲವನ್ನು ಒಡೆದು ಮಕ್ಕಳಿಗೆಲ್ಲ ಹಂಚುತ್ತಾರೆ. ಪಿಯುಗೆ ದೊಡ್ಡ ತುಂಡು. "ಕೇಳೂದಿತ್ತಲ್ಲ ಏನೋ?" ಎನ್ನುತ್ತಾರೆ. ಪಿಯು ಬೆಲ್ಲ ತುಂಬಿದ ಬಾಯಲ್ಲಿ ತಲೆಯಲ್ಲಾಡಿಸುತ್ತಾಳೆ. ಹೌದೋ ಅಲ್ಲವೋ ಗೊತ್ತಾಗುವುದಿಲ್ಲ.

ದಂಡೆಯ ಮೇಲೆ ನಡೆದದ್ದು ಅಭಯಕುಮಾರ ಅವರಿಗೆ ಗೊತ್ತಿಲ್ಲ. ಅವರು ನಿದ್ದೆಯಲ್ಲಿದ್ದರು. ನಾವು ಬಸ್ಸಿನ ಹತ್ತಿರ ಬಂದಾಗ ಮುಂದಿದ್ದವರು ಕಾಲರ್ ಹಿಡಿದು ಮಾಲೀಕ ಎದ್ದಿದ್ದಾನೆ ಎಂದು ಹಿಂದಿನವರಿಗೆ ತೋರಿಸಿದರು. ಗುರುಸಿದ್ದ ಅವರೂ ತೋರಿಸಿದರು. ಅಭಯಕುಮಾರ ತಮ್ಮ ಕಾಲರಿಗೆ ಏನಾಗಿದೆ ಎಂದು ಮುಟ್ಟಿ ನೋಡಿಕೊಂಡರು. ನಾನು ಕೇಳಿದಾಗ ರಾಯವ್ವನ ಬಗ್ಗೆ ಮನಸ್ಸಿಟ್ಟೇ ಹೇಳಿದರು. "ಅಕ್ಕ ಜೋಡಿ ಬರಾಕತ್ತಿ ಇಷ್ಟ ವರ್ಷ ಆತು, ಒಂದ ಕೂಸೂ ಹಿಂದ ಉಳದಿಲ್ರಿ." ಹೊಸ ಬಸ್ಸಿನ ಮಾತು ತೆಗೆಯಬೇಕೆಂದು ನನಗೂ ನಾಲಿಗೆಯ ತುದಿಯವರೆಗೆ ಬಂತು. ಅದು ನಾನು ಕೇಳುವ ಪ್ರಶ್ನೆಯಲ್ಲ ಎಂದು ಬಸ್ಸು ಹತ್ತಿ ಕೂತೆ.

ವಾಪಸಿನ ದಾರಿಯಲ್ಲಿ ಘಟ್ಟ ಹತ್ತುವವರೆಗೆ ಹಾಡು, ಆಮೇಲೆ ನಿದ್ದೆ. ರಾಯವ್ವ ಮಾತ್ರ ಚಾಲಕನ ಪಕ್ಕದ ಎಂಜಿನ್ ಪೆಟ್ಟಿಗೆಯ ಮೇಲೆ ನಮ್ಮ ಕಡೆ ಮುಖ ಮಾಡಿ ಎಚ್ಚರವಾಗಿ ಕೂತಿರುತ್ತಾರೆ. ಮಡಿಲಲ್ಲಿ ನೂಲಿನ ಉಂಡೆ.

ಹೊತ್ತು ಮುಳುಗುವಾಗ ಕೊಲ್ಹಾಪುರ. ಬಸ್ಸು ನಿಲ್ಲುತ್ತದೆ, ಎಂಜಿನ್ ಬಂದ್ ಆಗುತ್ತದೆ, ಇಡೀ ಬಸ್ಸು ಕಣ್ಣು ಬಿಡುತ್ತದೆ. ಗುರುಸಿದ್ದ ಮತ್ತು ಕಲ್ಲವ್ವ ಇಲ್ಲಿ ಇಳಿಯಬೇಕು. ಇಬ್ಬರೂ ಮುಂದೆ ಬಂದು ದಾರ ಬಿಚ್ಚಲು ಕೈ ಚಾಚುತ್ತಾರೆ. ರಾಯವ್ವ ಬಿಚ್ಚುವುದಿಲ್ಲ. ಇಬ್ಬರ ಕೈಯನ್ನೂ ಮೆಲ್ಲಗೆ ಹಿಂದಕ್ಕೆ ಸರಿಸುತ್ತಾರೆ.

"ಈ ಸಲ ನಿಮ್ಮ ಕಡೇನ ಇರಲಿ. ಎಲ್ಲಾರೂ ಇಟಗೋರಿ."

"ಮತ್ತ ಮುಂದಿನ ಸಲಕ್ಕ?" ಎಂದು ಕಲ್ಲವ್ವ ಕೇಳುತ್ತಾರೆ.

ರಾಯವ್ವ ಉಂಡೆಯ ಸಡಿಲ ತುದಿಯನ್ನು ಒಳಗೆ ಸಿಕ್ಕಿಸುತ್ತಾರೆ. "ದಾರಕ್ಕೇನ್ರಿ ಬರಾ ಐತೇನು," ಎಂದು ನಗುತ್ತಾರೆ. ಹಿಂದೆ ಕೂತ ಮಗ್ಗದ ಮಂದಿಗೆ ಆ ನಗು ಹಿಡಿಸಿದಂತೆ ಕಾಣಲಿಲ್ಲ. ಹಲವು ವರ್ಷಗಳಿಂದ ಬರುವವರಿದ್ದಾರೆ, ಯಾರೂ ದಾರವನ್ನು ಮನೆಗೆ ಒಯ್ದಿಲ್ಲ. ಅಭಯಕುಮಾರ ಬಟ್ಟೆಯ ಚೂರಿನಿಂದ ಮುಂದಿನ ಗಾಜು ಒರೆಸುತ್ತಿದ್ದಾರೆ, ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಾರೆ.

ನನ್ನ ಪಕ್ಕದ ಸೀಟು ಖಾಲಿಯಾದದ್ದು ನನಗೆ ಆಮೇಲೆ ಗೊತ್ತಾಗುತ್ತದೆ. ಪಿಯು ಸೀಟುಗಳ ಕಂಬಿ ಹಿಡಿಯುತ್ತಾ ಒಬ್ಬಳೇ ಮುಂದೆ ಹೋಗುತ್ತಿದ್ದಾಳೆ. ಚಾಲಕನ ಸೀಟಿನ ಪಕ್ಕದಲ್ಲಿ, ರಾಯವ್ವನವರ ಎದುರಿಗೆ ನಿಲ್ಲುತ್ತಾಳೆ. ಮಣಿಕಟ್ಟಿನ ಹಳದಿ ದಾರವನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದಿದ್ದಾಳೆ. ಗದ್ದ ಎದೆಗೆ ಅಂಟಿದೆ, ಏನೋ ಹೇಳುತ್ತಿದ್ದಾಳೆ.

"ಕಾಯ್ ಗ ಬಾಳಾ?" ಎಂದು ಅಭಯಕುಮಾರ ಬಗ್ಗುತ್ತಾರೆ. "ಏನವ್ವಾ? ಕೇಳಸವಲ್ದು."

ರಾಯವ್ವನಿಗೆ ಮಗು ತಮ್ಮನ್ನಲ್ಲ, ಮಾಲೀಕರನ್ನು ಕೇಳಲು ಬಂದಿದೆ ಎಂಬುದು ತಿಳಿಯುತ್ತದೆ. ಏನನ್ನು ಎಂಬುದು ತಿಳಿಯುವುದಿಲ್ಲ. ಬೆಳಗಿನಿಂದ ಕಾದಿದ್ದ ಪ್ರಶ್ನೆಯೊಂದು ಕೊನೆಗೂ ಬರುತ್ತಿದೆ ಎಂಬ ಖುಷಿ ಅವರ ಮುಖದ ತುಂಬ ಇದೆ. ಅವರು ಪಿಯುವಿನ ಕಣ್ಣಿಗೆ ಬೀಳುವಂತೆ ತಮ್ಮ ಗದ್ದವನ್ನು ಒಂದು ಬೆರಳಿನಿಂದ ಮೇಲೆತ್ತಿ ತೋರಿಸುತ್ತಾರೆ.

ಪಿಯು ಮುಖ ಎತ್ತುತ್ತಾಳೆ. ಎಂಜಿನ್ ನಿಂತ ಬಸ್ಸಿನಲ್ಲಿ ಅವಳ ದನಿ ಕೊನೆಯ ಸೀಟಿನವರೆಗೂ ಕೇಳಿಸುತ್ತದೆ.

"ಕಾಕಾ, ಹೊಸಾ ಬಸ್ಸಿನಾಗೂ ನಮಗ ದಾರ ರಾಯವ್ವ ಆಯೀನ ಕಟ್ತಾಳಿಲ್ಲ?"